ಹಿಂದೆ-ಮುಂದೆ ಗೊತ್ತಿಲ್ಲದ ಆ್ಯಪ್

ಆ್ಯಪ್ ಮಾಡುವುದೆಂದರೆ ಮಂಡಕ್ಕಿಗೆ ಒಗ್ಗರಣೆ ಹಾಕಿದಷ್ಟೇ ಸುಲಭ ಎಂದು ಕಳೆದ ವರ್ಷ ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆ ಇದ್ದಷ್ಟು ದಿನ ನನ್ನಷ್ಟು ಸುಖವಾಗಿದ್ದ ಹೆಂಗಸು ಇಡೀ ದಾವಣಗೆರೆಯಲ್ಲಿ ಇನ್ನೊಬ್ಬಳಿರಲಿಲ್ಲ!

ಸರಸ್ವತಿ ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಕಾಲೇಜು ಮಕ್ಕಳ ಪ್ರಾಜೆಕ್ಟು, ಏನು ಕೊಟ್ಟರೂ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಡುತ್ತೇನೆ. ಮದುವೆಯಾದಾಗಿನಿಂದ ಕಂಪ್ಯೂಟರ್ ಮುಂದೆ ಕೂತವಳು ಎಂಬ ಸಣ್ಣ ಜಂಬವೂ ಇದೆ. ನನ್ನ ಯಜಮಾನರು ವೀರೇಶ್. ಹಗಲೆಲ್ಲ ಪೈಪು, ನಲ್ಲಿ, ವಾಲ್ವು ಮಾರುತ್ತಾರೆ. ಸಂಜೆ ಅಂಗಡಿ ಬಾಗಿಲು ಎಳೆದರೆ ಮುಗಿಯಿತು, ಆಗ ಅವರು ಕಲಾವಿದರು!

ಅವರದ್ದೊಂದು ಹವ್ಯಾಸಿ ನಾಟಕ ತಂಡ. ಹದಡಿಯ ಶಿವಣ್ಣ ಅದರ ನಿರ್ದೇಶಕರು. ಬೆಳಗ್ಗೆ ತೋಟಕ್ಕೆ ನೀರು ಬಿಟ್ಟು, ಸಂಜೆ ಬೈಕೇರಿ ಊರಿಗೆ ಬಂದು ನಟರಿಗೆ ಬೈಯುತ್ತಾರೆ. ತಂಡದ ಎಲ್ಲರಿಗೂ ಗಂಟಲಿದೆ, ಗತ್ತಿದೆ, ಮೀಸೆ ಇದೆ. ಇಲ್ಲದಿರುವುದು ಒಂದೇ: ನೆನಪು. ಒಬ್ಬರಿಗೂ ಒಂದು ಮಾತೂ ಬಾಯಿಪಾಠವಿಲ್ಲ. ನಮ್ಮ ಯಜಮಾನರಂತೂ "ಯಾರಲ್ಲಿ?" ಎಂದು ಕೂಗುವುದಕ್ಕೂ ಇನ್ನೊಬ್ಬರು ಹೇಳಿಕೊಡಬೇಕು.

ಹೇಳಿಕೊಡುತ್ತಿದ್ದವರು ಖಲಂದರ್ ಚಾಚಾ. ವೃತ್ತಿಯಲ್ಲಿ ದರ್ಜಿ, ತಂಡದಲ್ಲಿ ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ನಾಟಕದ ಪುಸ್ತಕ ಹಿಡಿದು, ಒಂದೊಂದೇ ಮಾತನ್ನು ಪಿಸುಗುಟ್ಟುತ್ತಾರೆ. ಅವರು ಪಿಸುಗುಟ್ಟಿದ್ದನ್ನು ನಟರು ಗರ್ಜಿಸುತ್ತಾರೆ. ಈ ವ್ಯವಸ್ಥೆ ವರ್ಷಗಟ್ಟಲೆ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಕಳೆದ ವರ್ಷ ಚಾಚಾಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸಣ್ಣ ಅಕ್ಷರ ಓದಿದರೆ ಕಣ್ಣಲ್ಲಿ ನೀರು. ಅದೇ ಹೊತ್ತಿಗೆ ಹರಿಹರದ ವರ್ತಕರ ಸಂಘವೊಂದು ತನ್ನ ವಾರ್ಷಿಕೋತ್ಸವಕ್ಕೆ ನಮ್ಮ ತಂಡವನ್ನು ಕರೆಯಿತು. ನಾಟಕ "ಮಾವನ ಮೀಸೆ, ಅಳಿಯನ ಆಸೆ". ಬೇರೆ ಊರಿನವರು ಕರೆಯದೆ ಎಷ್ಟೋ ಕಾಲವಾಗಿದ್ದರಿಂದ ಶಿವಣ್ಣ ಯಾವ ಅಪಾಯಕ್ಕೂ ತಯಾರಿರಲಿಲ್ಲ.

"ಚಾಚಾ, ಈ ಸಲ ನೀವು ಮುಂದಿನ ಸಾಲಿನಾಗೆ ಕೂತು ನಾಟಕ ನೋಡ್ರಿ. ಪ್ರಾಂಪ್ಟಿಂಗ್‌ಗೆ ಬೇರೆಯವ್ರನ್ನ ಕೂರಿಸ್ತೀವಿ" ಎಂದರು.

ಚಾಚಾ ಕನ್ನಡಕ ತೆಗೆದು, ಒರೆಸಿ, ಜೇಬಿಗೆ ಹಾಕಿಕೊಂಡರು. ನನಗೆ ಅದನ್ನು ನೋಡಲಾಗಲಿಲ್ಲ. ಅವರು ಮುಂದಿನ ಸಾಲಿನಿಂದ ನಾಟಕ ನೋಡಿದವರೇ ಅಲ್ಲ!

"ಯಾರೂ ಬ್ಯಾಡ! ಚಾಚಾಗೋಸ್ಕರ ನಾನೊಂದು ಆ್ಯಪ್ ಮಾಡಿಕೊಡ್ತೀನಿ" ಎಂದುಬಿಟ್ಟೆ. "ಟ್ಯಾಬ್ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರ. ಒಂದು ದೃಶ್ಯಕ್ಕೆ ಒಂದು ಪುಟ. ಮುಟ್ಟಿದ್ರೆ ಮುಂದಿನ ದೃಶ್ಯ!"

ಇಡೀ ತಂಡ ನನ್ನನ್ನು ವಿಜ್ಞಾನಿಯಂತೆ ನೋಡಿತು. ಯಜಮಾನರು ಮಾತ್ರ ಗಂಡನಂತೆ ನೋಡಿದರು.

ಮನೆಗೆ ಬಂದ ಮೇಲೆ ಕೇಳಿದರು: "ಶೋಭಾ, ಮೊನ್ನೆ ಮೊಬೈಲ್‌ನಾಗೆ ಬಸ್ ಟಿಕೆಟ್ ಮಾಡಾಕೆ ಹೋಗಿ ನಿಮ್ಮಕ್ಕನ್ನ ಹುಬ್ಬಳ್ಳಿ ಬದ್ಲು ಹೊಸಪೇಟೆಗೆ ಕಳಿಸಿದ್ದು ಯಾರು?"

"ಅದು ಆ ಆ್ಯಪ್ ತಪ್ಪು ರೀ, ನಂದಲ್ಲ! ಅದಕ್ಕೇ ನಾನೇ ಒಂದು ನೆಟ್ಟಗಿರೋದು ಮಾಡ್ತೀನಿ ಅಂತಿರೋದು."

"ಮಾಡು ಮಾರಾಯ್ತಿ. ನಾಟಕ ಹರಿಹರದಾಗೆ ಐತೆ. ಮರ್ಯಾದೆ ಹೋದ್ರೂ ಹದಿನೈದು ಕಿಲೋಮೀಟರ್ ಆಚೆ ಹೋಗ್ತತೆ" ಎಂದು ಮಲಗಿದರು.

ಮರುದಿನದಿಂದ ವಿಡಿಯೊ ಪಾಠ ಶುರು. ಪಾಠ ಹೇಳುವವರು ಬಹಳ ಚೆನ್ನಾಗಿ ವಿವರಿಸಿದರು. ಆ್ಯಪಿನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಮೊದಲಿನದು ಎಲ್ಲಿಗೂ ಹೋಗುವುದಿಲ್ಲವಂತೆ. ಅದರ ಮೇಲೆ ಹೊಸ ಪುಟ ಬಂದು ಕೂರುತ್ತದೆ, ಊಟದ ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ. ಆಹಾ! ಇಷ್ಟೇನಾ? ನಮ್ಮ ಮನೆಯ ಸ್ಟ್ಯಾಂಡಿನಲ್ಲಿ ಇದನ್ನೇ ದಿನಾ ಮಾಡುತ್ತೇನಲ್ಲ! ಪಾಠದ ಕೊನೆಯಲ್ಲಿ ಅವರು, "ಹಿಂದಿನ ಪುಟಕ್ಕೆ ಸರಿಯಾಗಿ ಮರಳುವುದು ಹೇಗೆ ಎಂಬುದನ್ನು ಮುಂದಿನ ಪಾಠದಲ್ಲಿ ನೋಡೋಣ" ಎಂದರು.

ಆ ಪಾಠವನ್ನು ನಾನು ನೋಡಲಿಲ್ಲ. ಹಿಂದೆ ಹೋಗುವುದರಲ್ಲಿ ಕಲಿಯುವುದೇನಿದೆ? ಮುಂದೆ ಹೋಗಲು ಬಂದವಳಿಗೆ ಹಿಂದೆ ಹೋಗಲು ಬರುವುದಿಲ್ಲವೇ? "ಹಿಂದೆ" ಎಂದು ಒಂದು ಗುಂಡಿ ಬರೆದು, ಅದನ್ನು ಒತ್ತಿದರೆ ಹಿಂದಿನ ದೃಶ್ಯ ತೆರೆಯುವಂತೆ ಮಾಡಿದೆ. ತೆರೆಯಿತು! ಕುಣಿಯುವುದೊಂದು ಬಾಕಿ.

ನಾನು ಮಾಡಿದ್ದೇನೆಂದರೆ, ಮೇಲಿನ ತಟ್ಟೆ ತೆಗೆದು ಕೆಳಗಿನದನ್ನು ತೋರಿಸುವ ಬದಲು, ಎಲ್ಲದರ ಮೇಲೆ ಅದೇ ಥರದ ಇನ್ನೊಂದು ತಟ್ಟೆ ತಂದು ಇಟ್ಟಿದ್ದೆ. ಹಿಂದೆ ಹೋದಷ್ಟೂ ರಾಶಿ ಬೆಳೆಯುತ್ತದೆ, ಈಗಷ್ಟೇ ಬಿಟ್ಟುಬಂದ ಪುಟವೇ ಮತ್ತೆ "ಹಿಂದಿನದು" ಆಗುತ್ತದೆ. ಈ ಸತ್ಯ ನನಗೆ ತಿಳಿದದ್ದು ಹರಿಹರದಲ್ಲಿ, ಭರ್ತಿ ಸಭೆಯ ಮುಂದೆ.

ಅದಿರಲಿ. ಆ್ಯಪಿನ ಎಚ್ಚರಿಕೆಯ ಮಾತುಗಳನ್ನೂ ನಾನೇ ಅಚ್ಚಗನ್ನಡದಲ್ಲಿ ಬರೆದೆ. ಬೆರಳು ಟ್ಯಾಬಿನ ಅಂಚಿಗೆ ತಗುಲಿ ಆ್ಯಪ್ ಮುಚ್ಚಿಹೋಗಬಾರದೆಂದು, "ನೀವು ಖಚಿತವಾಗಿ ಹೊರಹೋಗಲು ಬಯಸುವಿರಾ? ಹೌದು. ಇಲ್ಲ." ಏನಾದರೂ ಕೆಟ್ಟರೆ ಇರಲಿ ಎಂದು ಇನ್ನೊಂದು. ಲಗ್ನಪತ್ರಿಕೆ ಬರೆದ ಕೈ, ಭಾಷೆಗೇನು ಬರ?

ತಾಲೀಮಿನಲ್ಲಿ ಆ್ಯಪ್ ಬೆಣ್ಣೆಯಂತೆ ಕೆಲಸ ಮಾಡಿತು. ಚಾಚಾ ಓದುತ್ತಿದ್ದರು, ಪಕ್ಕದಲ್ಲಿ ಕೂತು ಗುಂಡಿ ನಾನು ಒತ್ತುತ್ತಿದ್ದೆ. ತಾಲೀಮು ಯಾವತ್ತೂ ಮೊದಲಿಂದ ಕೊನೆಗೆ ಹೋಗುತ್ತಿದ್ದರಿಂದ "ಹಿಂದೆ" ಒತ್ತುವ ಪ್ರಸಂಗವೇ ಬರಲಿಲ್ಲ.

"ಅರೇ ಬೇಟಿ, ಅಕ್ಷರ ಒಂದೊಂದೂ ಕುಂಬಳಕಾಯಿ ಇದ್ದಂಗೆ ಐತೆ! ಕಮಾಲ್ ಮಾಡೀಯಮ್ಮ!" ಎಂದು ಚಾಚಾ ಟ್ಯಾಬನ್ನು ಎದೆಗೊತ್ತಿಕೊಂಡರು. ಶಿವಣ್ಣನೂ ಒಪ್ಪಿದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ನಾಟಕದ ದಿನ ಬಂತು. ಟೆಂಪೊ ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ಯಜಮಾನರು ಗೌಡನ ಪಾತ್ರದ ಪೇಟ ಸುತ್ತಿಕೊಂಡು ಕಿಟಕಿಯಾಚೆ ಗಂಭೀರವಾಗಿ ನೋಡುತ್ತಿದ್ದರು. ಹರಿಹರದ ಸಮುದಾಯ ಭವನ ತುಂಬಿ, ಜನ ಬಾಗಿಲಲ್ಲೂ ನಿಂತಿದ್ದರು. ಇವತ್ತಿನಿಂದ ನಾಟಕ ಕಲೆಯ ಚರಿತ್ರೆ ಬದಲಾಗುತ್ತದೆ!

"ಚಾಚಾ, ಇವತ್ತು ಗುಂಡಿ ನೀವೇ ಒತ್ರಿ. ಇದು ನಿಮ್ಮ ದಿನ" ಎಂದು ಟ್ಯಾಬನ್ನು ಅವರ ಕೈಗಿಟ್ಟು ಹಿಂದೆ ನಿಂತೆ.

ಪರದೆ ಎದ್ದಿತು. ಗೌಡರ ಪಡಸಾಲೆ. ಗೌಡ ನಮ್ಮ ಯಜಮಾನರು. ಅವರ ದುಷ್ಟ ಮೈದುನ ನಾಗಪ್ಪನಾಗಿ ಮಂಜಪ್ಪ ಮೇಷ್ಟ್ರು. "ಬಾರಪ್ಪ ನಾಗಪ್ಪ! ಯಾವಾಗ ಬಂದೆ? ಕಾಫಿ ಕುಡಿಯುವೆಯಾ?" ಎಂದು ಗೌಡ ಗುಡುಗಿದಾಗ ಭವನ ನಡುಗಿತು. ಚಪ್ಪಾಳೆ! ಮೊದಲ ದೃಶ್ಯ ಸರಾಗ. ಯಜಮಾನರ ಕೊನೆಯ ಮಾತು, "ನನ್ನ ಮಗಳು ಗಿರಿಜೆಯನ್ನು ಮೀಸೆ ಇರುವ ಗಂಡಿಗೇ ಕೊಡುವೆ!"

ಮಾತು ಮುಗಿಯಿತು. ಪುಟದ ಕೆಳಗೆ ಗುಂಡಿಯ ಮೇಲೆ ದಪ್ಪ ಅಕ್ಷರದಲ್ಲಿ ಇನ್ನೊಂದು ಪದ ಇತ್ತು. ಇಷ್ಟು ವರ್ಷ ಪುಟದ ಮೇಲಿದ್ದುದನ್ನೆಲ್ಲ ಓದಿ ಅಭ್ಯಾಸವಾದ ಚಾಚಾ ಅದನ್ನೂ ಓದಿದರು.

"ಮುಂದೆ."

"ಮುಂದೆ!" ಎಂದು ಗೌಡ ಗರ್ಜಿಸಿ ಒಂದು ಹೆಜ್ಜೆ ಮುಂದೆ ಬಂದ.

ಚಾಚಾ ಗಾಬರಿಯಾಗಿ ಎರಡು ಸಲ ಒತ್ತಿದರು. ಒಂದು ದೃಶ್ಯ ಹಾರಿಹೋಯಿತು. "ಅರೆರೆ" ಎನ್ನುತ್ತಾ ಪಕ್ಕದ ಗುಂಡಿಗೆ ಬೆರಳಿಟ್ಟರು. ಇಡುವ ಮೊದಲು ಅದನ್ನೂ ಓದಿದರು.

"ಹಿಂದೆ."

"ಹಿಂದೆ!" ಗೌಡ ಒಂದು ಹೆಜ್ಜೆ ಹಿಂದೆ ಹೋದ.

ಜನ ಇದು ಗೌಡನ ಠೀವಿ ಎಂದುಕೊಂಡು ಶಿಳ್ಳೆ ಹೊಡೆದರು. ನಾನು ಓಡಿಹೋಗಿ, "ಚಾಚಾ, ಗುಂಡಿ ಓದಬ್ಯಾಡ್ರಿ, ಬರೇ ಒತ್ರಿ!" ಎಂದು ಕಿವಿಯಲ್ಲಿ ಹೇಳಿದೆ. "ಹೌದೇನು? ನಾಟಕಕಾರ ಬರೆದಾನೆ ಅನ್ಕೊಂಡೆ" ಎಂದರು ಅವರು. ಆ ಕಡೆಯ ಪರದೆಯ ಮರೆಯಿಂದ ಶಿವಣ್ಣ ಎರಡೂ ಕೈ ಎತ್ತಿ ನನಗೆ ಏನೋ ತೋರಿಸುತ್ತಿದ್ದರು. ಆಶೀರ್ವಾದ ಅಲ್ಲ ಎಂಬುದು ದೂರದಿಂದಲೇ ತಿಳಿಯಿತು.

ಮೂರನೆಯ ದೃಶ್ಯ. ಗಿರಿಜೆ ಮೀಸೆ ಇಲ್ಲದ ಹುಡುಗನೊಬ್ಬನನ್ನು ಪ್ರೀತಿಸಿದ್ದಾಳೆ. ಅಪ್ಪ ಬೈಯಬೇಕು, ಅವಳು ಕಾಲು ಹಿಡಿದು ಒಂದು ಹಾಡು ಹೇಳಬೇಕು. ಗಿರಿಜೆಯ ಪಾತ್ರ ಪಕ್ಕದ ಬೀದಿಯ ಸವಿತಾಳದ್ದು. ಆಸ್ಪತ್ರೆಯಲ್ಲಿ ನರ್ಸ್. ಹಾಡಿಗೋಸ್ಕರವೇ ರಜೆ ಹಾಕಿ ಬಂದಿದ್ದಳು. ಅಷ್ಟರಲ್ಲಿ ಚಾಚಾ ಕಣ್ಣೊರೆಸಿಕೊಳ್ಳಲು ಟ್ಯಾಬನ್ನು ಕೈಯಿಂದ ಕೈಗೆ ಬದಲಿಸಿದರು. ಹೆಬ್ಬೆರಳು ಅಂಚಿಗೆ ತಗುಲಿತು. ನನ್ನ ಅಚ್ಚಗನ್ನಡ ಟ್ಯಾಬಿನ ಮೇಲೆ ಪ್ರತ್ಯಕ್ಷವಾಯಿತು. ಅದು ಗುಂಡಿಯಲ್ಲವಾದ್ದರಿಂದ ಚಾಚಾ ಧೈರ್ಯವಾಗಿ ಓದಿದರು.

ಗೌಡ ಮಗಳತ್ತ ಬೆರಳು ತೋರಿಸಿ ಅಬ್ಬರಿಸಿದ: "ನೀವು ಖಚಿತವಾಗಿ ಹೊರಹೋಗಲು ಬಯಸುವಿರಾ?"

ಸವಿತಾ ತಬ್ಬಿಬ್ಬು. ಹೆತ್ತ ಅಪ್ಪ ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿದ್ದಾನೆ!

"ಹೌದು! ಇಲ್ಲ!" ಎಂದು ಗೌಡನೇ ಉತ್ತರವನ್ನೂ ಕೊಟ್ಟ.

"ಹೌದು ಅಪ್ಪಾಜಿ, ಬಯಸುತ್ತೇನೆ!" ಎಂದು ಸವಿತಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿಬಂದಳು. ಹೆಂಗಸರ ಕಡೆಯಿಂದ ಭರ್ಜರಿ ಚಪ್ಪಾಳೆ! ಒಳಗೆ ಬಂದವಳು ನೇರ ನನ್ನೆದುರು ನಿಂತಳು.

"ಅಕ್ಕಾ, ನನ್ನ ಹಾಡು ಎಲ್ಲಿ ಹೋತು?"

"ಇರು ಸವಿತಾ, ಹುಡುಕ್ತೀನಿ" ಎಂದು ಆ ಪ್ರಶ್ನೆಗೆ "ಇಲ್ಲ" ಒತ್ತಿ, ಗಡಿಬಿಡಿಯಲ್ಲಿ "ಹಿಂದೆ"ಯನ್ನೂ ಒತ್ತಿದೆ. ಎರಡನೆಯ ದೃಶ್ಯ ಬಂತು. ಮತ್ತೆ ಒತ್ತಿದೆ. ಮೂರು. ಬೆರಳು ನಿಲ್ಲುವಷ್ಟರಲ್ಲಿ ಮತ್ತೆ ಎರಡು! ಮುಂದೆ ಒತ್ತಿದರೂ ಹಿಂದೆ ಒತ್ತಿದರೂ ತಟ್ಟೆಯ ಮೇಲೆ ತಟ್ಟೆ. ಹಾಡು ಸಿಗುವಷ್ಟರಲ್ಲಿ ರಂಗದ ಮೇಲೆ ನಾಗಪ್ಪ ಬಂದು ತನ್ನ ಸಂಚು ಶುರು ಮಾಡಿಬಿಟ್ಟಿದ್ದ. ಸವಿತಾ ಆ ಹಾಡನ್ನು ವಾಪಸು ಬರುವಾಗ ಟೆಂಪೊದಲ್ಲಿ ಹೇಳಿದಳು. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಐದನೆಯ ದೃಶ್ಯ ನಾಟಕದ ಪ್ರಾಣ. ಗೌಡನ ಆಸ್ತಿಗೆ ಆಸೆಪಟ್ಟ ನಾಗಪ್ಪ ಹಾಲಿಗೆ ವಿಷ ಬೆರೆಸುತ್ತಾನೆ. ಲೋಟ ಅದಲುಬದಲಾಗಿ ತಾನೇ ಕುಡಿಯುತ್ತಾನೆ. ಮಂಜಪ್ಪ ಮೇಷ್ಟ್ರು ಸಾಯುವುದರಲ್ಲಿ ನಿಪುಣರು. ರಂಗದ ಈ ತುದಿಯಿಂದ ಆ ತುದಿಯವರೆಗೆ ಉರುಳಿ, ಎರಡು ಸಲ ಎದ್ದು, ಮೂರನೆಯ ಸಲ ಬಿದ್ದು ಸತ್ತರು. ಮುಂದಿನ ಸಾಲಿನ ಅಜ್ಜಿಯೊಬ್ಬರು "ಅಯ್ಯೋ ಪಾಪ" ಎಂದರು. ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ.

"ಬೇಟಿ, ಮ್ಯಾಲಿನ ಲೈಟು ಹೊಡೀತೈತೆ. ಅಕ್ಷರ ಕಾಣವಲ್ದು" ಎಂದರು ಚಾಚಾ.

"ಕೊಡ್ರಿ ಇಲ್ಲಿ" ಎಂದು ಟ್ಯಾಬನ್ನು ಅಡ್ಡಲಾಗಿ ತಿರುಗಿಸಿ ಅವರ ಕೈಗಿಟ್ಟೆ.

ಟ್ಯಾಬನ್ನು ಅಡ್ಡ ತಿರುಗಿಸಿದರೆ ನನ್ನ ಆ್ಯಪ್ ಎಲ್ಲವನ್ನೂ ಮರೆತು ಮೊದಲಿನಿಂದ ಶುರುವಾಗುತ್ತದೆ ಎಂಬ ವಿಷಯ ಆ್ಯಪಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಯಜಮಾನರು ಹೆಣದ ಪಕ್ಕ ಮಂಡಿಯೂರಿ, ಮುಂದಿನ ಮಾತಿಗಾಗಿ ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ಚಾಚಾ ಪಿಸುಗುಟ್ಟಿದರು. ಯಜಮಾನರು ಹೆಣದ ತಲೆ ನೇವರಿಸಿ, ಗದ್ಗದ ಕಂಠದಲ್ಲಿ ಹೇಳಿದರು:

"ಬಾರಪ್ಪ ನಾಗಪ್ಪ! ಯಾವಾಗ ಬಂದೆ? ಕಾಫಿ ಕುಡಿಯುವೆಯಾ?"

ಸತ್ತ ಮಂಜಪ್ಪ ಮೇಷ್ಟ್ರು ಒಂದು ಕಣ್ಣು ತೆರೆದರು. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು ಎಂದು ಮಕ್ಕಳಿಗೆ ಕಲಿಸಿದವರು. ಎಷ್ಟು ಹೊತ್ತು ಸುಮ್ಮನಿದ್ದಾರು? ಮೆಲ್ಲಗೆ ಎದ್ದು ಕೂತರು.

"ಬೇಡ ಭಾವ, ಈಗಷ್ಟೇ ಹಾಲು ಕುಡಿದೆ!"

ಅಬ್ಬಬ್ಬಾ! ಭವನದ ಚಾವಣಿ ಹಾರಿಹೋಗುವಂಥ ನಗು! ಬಾಗಿಲಲ್ಲಿ ನಿಂತವರು ಒಳಗೆ ನುಗ್ಗಿದರು. ಆ ಕಡೆಯಿಂದ ಶಿವಣ್ಣ "ಸಾಯಿ! ಸಾಯಿ!" ಎಂದು ಕೈಸನ್ನೆ ಮಾಡುತ್ತಿದ್ದರು. ಮೇಷ್ಟ್ರಿಗೋ ನನಗೋ, ಇವತ್ತಿಗೂ ಸ್ಪಷ್ಟವಿಲ್ಲ. ಮುಂದಿನ ದೃಶ್ಯ ಶುರುವಾಗುವುದೇ ನಾಗಪ್ಪನ ತಿಥಿಯಿಂದ. ಅವನು ಸಾಯದೆ ನಾಟಕ ಮುಂದೆ ಹೋಗುವ ಹಾಗಿಲ್ಲ. ಆದರೆ ವಿಷದ ಹಾಲು ಖಾಲಿಯಾಗಿದೆ!

ಮೇಷ್ಟ್ರು ಯೋಚಿಸಿದರು. "ಆಗಲಿ ಭಾವ, ಕಾಫಿಯನ್ನೇ ಕೊಡು" ಎಂದರು. ಗೌಡ ಖಾಲಿ ಲೋಟ ಕೊಟ್ಟ. ಮೇಷ್ಟ್ರು ಗಟಗಟ ಕುಡಿದು, ಎದೆ ಹಿಡಿದುಕೊಂಡು, ಎರಡನೆಯ ಸಲ ಸತ್ತರು. ಈ ಸಲ ಉರುಳದೆ, ಇದ್ದಲ್ಲೇ ಸತ್ತರು. ದಣಿದಿದ್ದರು ಪಾಪ.

ಹೀಗೆ ಸಭ್ಯ ಗೌಡ ನೋಡುನೋಡುತ್ತಿದ್ದಂತೆ ಕೊಲೆಗಾರನಾದ. ಮುಂದಿನ ಸಾಲಿನ ಅಜ್ಜಿ, "ನೋಡಿದ್ರೇನು, ಕಾಫಿಯಾಗೆ ಹಾಕ್ಯಾನೆ!" ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು.

ಇನ್ನು ಉಳಿದದ್ದು ಕೊನೆಯ ದೃಶ್ಯ. ಗೌಡ ಪಶ್ಚಾತ್ತಾಪ ಪಟ್ಟು, ಮಗಳ ಕೈಯನ್ನು ಮೀಸೆಯಿಲ್ಲದ ಅಳಿಯನ ಕೈಗಿಟ್ಟು ಹರಸಬೇಕು. ನಾನು ಚಾಚಾನ ಪಕ್ಕ ಕುಕ್ಕರುಗಾಲಲ್ಲಿ ಕೂತು "ಮುಂದೆ, ಮುಂದೆ, ಮುಂದೆ" ಎಂದು ಬಡಬಡ ಒತ್ತಿದೆ. ಪಾಪದ ಟ್ಯಾಬ್ ಎಷ್ಟೆಂದು ತಡೆದೀತು? ಕೊನೆಯ ದೃಶ್ಯ ಒಮ್ಮೆ ಮಿಂಚಿ ಮಾಯವಾಯಿತು. ಆ ಜಾಗದಲ್ಲಿ ನನ್ನ ಎರಡನೆಯ ಅಚ್ಚಗನ್ನಡ ಬಂದು ಕೂತಿತು. ನಾನು ಚಾಚಾನ ಬಾಯಿ ಮುಚ್ಚಲು ಕೈಚಾಚುವಷ್ಟರಲ್ಲಿ ಅವರು ಓದಿ ಮುಗಿಸಿದ್ದರು.

ಯಜಮಾನರು ಮಗಳ ಕೈಯನ್ನು ಒಂದು ಕೈಯಲ್ಲಿ, ಅಳಿಯನ ಕೈಯನ್ನು ಇನ್ನೊಂದರಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಸಭೆಯ ಕಡೆ ತಿರುಗಿದರು.

"ಕ್ಷಮಿಸಿ! ಏನೋ ತಪ್ಪಾಗಿದೆ! ದಯವಿಟ್ಟು ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ!"

ಅಳಿಯ ಕಲ್ಲಾಗಿ ನಿಂತ. ಸವಿತಾ ಮಾತ್ರ ಜಾಣೆ. "ಆಗಲಿ ಅಪ್ಪಾಜಿ, ನಾಳೆ ಬರುತ್ತೇವೆ" ಎಂದು ಅವನನ್ನು ದರದರನೆ ಎಳೆದುಕೊಂಡು ಹೊರಟಳು. ಪರದೆ ಬಿತ್ತು.

ಆಮೇಲೆ ಬಂತು ನೋಡಿ ಚಪ್ಪಾಳೆ! ನಿಲ್ಲಲೇ ಇಲ್ಲ! ಸಂಘದ ಕಾರ್ಯದರ್ಶಿ ರಂಗಕ್ಕೆ ಬಂದು, "ಕೊಲೆಗಾರ ತಂದೆ ಸಮಾಜದ ಕ್ಷಮೆ ಕೇಳುವ ಆ ದೃಶ್ಯ ನಮ್ಮ ಕಣ್ಣು ತೆರೆಸಿತು. ಸತ್ತವನನ್ನೂ ಮಾತನಾಡಿಸುವ ಇಂಥ ನವೀನ ಪ್ರಯೋಗವನ್ನು ನಾವು ಕಂಡಿರಲಿಲ್ಲ" ಎಂದು ಯಜಮಾನರಿಗೆ ಶಾಲು ಹೊದಿಸಿದರು. ಯಜಮಾನರು ವಿನಯದಿಂದ ತಲೆಬಾಗಿದರು. ತಾನು ಯಾವಾಗ ಕೊಲೆ ಮಾಡಿದೆ ಎಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ!

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಹೆಂಗಸು ಕೋಸಂಬರಿ ಕಲಸುತ್ತಾ ಕೇಳಿದಳು: "ನಾಟಕ ಚಲೋ ಇತ್ತು ಬಿಡ್ರಿ, ಆದ್ರೆ ತಲೆಬುಡ ಇರ್ಲಿಲ್ಲ. ಯಾರು ಮಾಡಿದ್ದಂತೆ?"

"ಗೊತ್ತಿಲ್ರೀ. ನಾನೂ ನೋಡಾಕೆ ಬಂದಿದ್ದೆ" ಎಂದು ಹೋಳಿಗೆಗೆ ಬಾಯಿ ಹಾಕಿದೆ.

ಟೆಂಪೊದಲ್ಲಿ ಶಿವಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಾಚಾ ಮಾತ್ರ ಪಕ್ಕಕ್ಕೆ ಬಂದು ಕೂತರು.

"ಚಾಚಾ, ನಿಮ್ಮ ಕೆಲಸ ಉಳಿಸಾಕೆ ಹೋಗಿ ನಿಮ್ಮ ಹೆಸರು ಕೆಡಿಸಿದೆ."

"ಫಿಕರ್ ಮಾಡಬ್ಯಾಡ ಬೇಟಿ. ನಮ್ಮ ನಾಟಕಕ್ಕೆ ಇಷ್ಟು ಚಪ್ಪಾಳೆ ಬಿದ್ದಿದ್ದು ನಾ ಕಂಡೇ ಇಲ್ಲ. ಆದ್ರ ಮುಂದಿನ ಸಲ ಆ ಗಾಜಿನ ತಟ್ಟೆ ಬ್ಯಾಡಮ್ಮ, ಬೆರಳು ನಡುಗ್ತಾವೆ."

ಮನೆಗೆ ಬಂದ ಮೇಲೆ ಯಜಮಾನರು ಶಾಲು ಮಡಚುತ್ತಾ, ಬಹಳ ಸಾವಧಾನವಾಗಿ ಕೇಳಿದರು: "ಅಲ್ಲ ಶೋಭಾ, ಚಾಚಾಗೆ ದೊಡ್ಡ ಅಕ್ಷರ ಬೇಕಿತ್ತು, ಅಷ್ಟೇ ಅಲ್ವಾ? ದೊಡ್ಡ ಅಕ್ಷರದಾಗೆ ಒಂದು ಪ್ರಿಂಟ್ ತೆಗೆದುಕೊಟ್ಟಿದ್ರೆ ಏನಾಗ್ತಿತ್ತು?"

ವಾರಗಟ್ಟಲೆ ವಿಡಿಯೊ ನೋಡಿದ ಈ ತಲೆಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಮರುದಿನವೇ ಇಡೀ ನಾಟಕವನ್ನು ಅಗಲ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ತೆಗೆದು ಚಾಚಾಗೆ ಕೊಟ್ಟೆ. ಶಿವಣ್ಣ ಅವರನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದರು. ಪ್ರಿಂಟ್ ತೆಗೆಯಲು ಹಿಡಿದದ್ದು ಟೀ ಕುಡಿಯುವಷ್ಟು ಹೊತ್ತು!

ಆದರೂ ನನ್ನ ಉತ್ಸಾಹ ತಂಡಕ್ಕೆ ಬೇಡವಾಗಲಿಲ್ಲ ಎಂದು ಹೇಳಲು ಹೆಮ್ಮೆಯಾಗುತ್ತದೆ. ಮುಂದಿನ ತಾಲೀಮಿಗೆ ಶಿವಣ್ಣ ನನ್ನನ್ನು ಕರೆಸಿ ಒಂದು ಜವಾಬ್ದಾರಿ ಒಪ್ಪಿಸಿದರು. "ನೋಡಮ್ಮ ಶೋಭಾ, ಇನ್ಮೇಲೆ ಪರದೆ ಎಳೆಯೋದು ನೀನು. ಎರಡೇ ಹಗ್ಗ. ಇದು ತೆರೆಯಾಕೆ, ಇದು ಮುಚ್ಚಾಕೆ. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ, ಹೆದರ್ಕಬ್ಯಾಡ" ಎಂದರು.

ನಾನು ಎದೆಯುಬ್ಬಿಸಿ ನಿಂತೆ. ಗಂಟೆ ಹೊಡೆಯಿತು. ಆತ್ಮವಿಶ್ವಾಸದಿಂದ ಒಂದು ಹಗ್ಗ ಹಿಡಿದು ಜಗ್ಗಿದೆ. ಪರದೆ ಅಲುಗಲಿಲ್ಲ. ಇನ್ನೂ ಜೋರಾಗಿ ಜಗ್ಗಿದೆ.

ಮೂಲೆಯಲ್ಲಿ ಬಟ್ಟೆ ಬದಲಿಸುತ್ತಿದ್ದ ಮಂಜಪ್ಪ ಮೇಷ್ಟ್ರು "ಅಯ್ಯಯ್ಯೋ!" ಎಂದು ಚೀರಿದರು. ಅದು ಅವರು ಮರೆಗೆಂದು ಪಂಚೆ ಇಳಿಬಿಟ್ಟಿದ್ದ ಹಗ್ಗ!